ಬ್ರಹ್ಮಗಿರಿಯ ಬಂಡೆ, ಉಳ್ಳಾರ್ತಿಯ ಕಾವಲು



ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಹಿರಿಯರ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ಹೇಳಿ ಎಂದು ದೊರೆ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಹೇಳಿ ಕಳಿಸಿದ್ದು ಅಲ್ಲಿದೆ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ ಕೊಟ್ಟಿದ್ದಾರೆ, ಯುರೇನಿಯಂ ಪುಷ್ಟೀಕರಣಕ್ಕೆ, ಅಂದರೆ ಅದರಲ್ಲಿ ಸೀಳಬಲ್ಲ ಅಂಶ ಹೆಚ್ಚಿಸುವುದಕ್ಕೆ. ಪುಷ್ಟೀಕರಿಸಿದ ಯುರೇನಿಯಂ ವಿದ್ಯುತ್ತಿಗೂ ಆಗುತ್ತದೆ. ಪುಷ್ಟಿ ಇನ್ನೂ ಬಹಳ ಹೆಚ್ಚಿದರೆ ಬಾಂಬಿಗೂ ಆಗುತ್ತದೆ.

ಬಾಂಬು ಮಾಡಬೇಕೋ ಬೇಡವೋ ಎಂಬುದನ್ನು ಶತ್ರುವಿನ ಭಯವೊಂದೇ ನಿರ್ಧರಿಸುವುದಿಲ್ಲ. ಯುದ್ಧ, ಮಾನ, ಅಧಿಕಾರಗಳ ಬಗ್ಗೆ ಒಂದು ದೇಶ ತಲೆಮಾರುಗಳಿಂದ ರೂಢಿಸಿಕೊಂಡ ಮನೋಧರ್ಮವೂ ಅಲ್ಲಿ ಕೆಲಸ ಮಾಡುತ್ತದೆ. ಜಪಾನಿಗೆ ಬಾಂಬು ಮಾಡುವ ವಿದ್ಯೆ ಗೊತ್ತು. ಹಿರೋಶಿಮಾದ ನೆನಪು ಕೈ ತಡೆದಿದೆ. ಅಮೆರಿಕದ ರಕ್ಷಣೆ ಇರುವುದೂ ನಿಜವೆನ್ನಿ.

ನಮ್ಮದು ಬೇರೆ ದಾರಿ. 1964ರಲ್ಲಿ ಚೀನಾ ಅಣುಬಾಂಬು ಸಿಡಿಸಿತು. ಭಯವೇ ಎಲ್ಲವೂ ಆಗಿದ್ದರೆ ನಾವು ಹತ್ತು ವರ್ಷ ಕಾಯುತ್ತಿರಲಿಲ್ಲ. ಐದು ದೇಶಗಳ ಬಳಿ ಬಾಂಬು ಉಳಿಯಲಿ, ಮಿಕ್ಕವರು ಮುಟ್ಟಬಾರದು ಎಂಬ 1968ರ ಒಪ್ಪಂದಕ್ಕೆ, ಪರರ ಆಳ್ವಿಕೆ ಕಂಡಿದ್ದ ಭಾರತ ಸಹಿ ಹಾಕಲಿಲ್ಲ. 1974ರ ಮೇ 18ರಂದು ಪೋಖ್ರಾನಿನಲ್ಲಿ ಸ್ಫೋಟ ನಡೆಸಿತು. ಆ ಕೆಲಸದ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ. ಸಿಡಿಸಿಯೂ ಅದನ್ನು ಶಾಂತಿಯುತ ಸ್ಫೋಟ ಎಂದೆವು! ಮತ್ತೆ 24 ವರ್ಷ ಸುಮ್ಮನಿದ್ದು 1998ರಲ್ಲಿ ಪರೀಕ್ಷಿಸಿದೆವು. ಮೊದಲು ಬಳಸೆವು ಎಂಬ ಮಾತು 2003ರ ನೀತಿಯಲ್ಲಿ ಸೇರಿತು.

ಈ ಸಂಯಮವನ್ನು ಅಶೋಕನ ವಾರಸುದಾರಿಕೆ ಎನ್ನುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಶತ್ರುವನ್ನು ಮಣಿಸುವ ತಂತ್ರ ಹೇಳುವ ಕೌಟಿಲ್ಯನ ಅರ್ಥಶಾಸ್ತ್ರವೂ ನಮ್ಮ ಮೈಸೂರಿನಲ್ಲೇ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾಯಿತು. ಪರಂಪರೆಯಲ್ಲಿ ದಯೆ, ತಂತ್ರ ಎರಡೂ ಇವೆ. ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ.

ನಿಜಕ್ಕೂ ಬೇರೂರಿದ ಅಭ್ಯಾಸವೆಂದರೆ ಗುಟ್ಟು. 1974ರಲ್ಲಾಗಲಿ 1998ರಲ್ಲಾಗಲಿ ತೀರ್ಮಾನ ಪ್ರಧಾನಿ ಮತ್ತು ಬೆರಳೆಣಿಕೆಯ ಆಪ್ತರದು. ಸಂಸತ್ತಿಗೆ ಆಮೇಲೆ ಗೊತ್ತಾಯಿತು. ಅದೇ ಅಭ್ಯಾಸ ಚಳ್ಳಕೆರೆಗೂ ಬಂತು. ಅಮೃತಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ಸುಮಾರು 10,000 ಎಕರೆ ಕಾವಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ ಎಂಬ ದೂರು 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿ ತಲುಪಿತು. 2014ರಲ್ಲಿ ಕೆಲಸ ಮುಂದುವರಿಸಲು ಷರತ್ತಿನ ಒಪ್ಪಿಗೆ ಸಿಕ್ಕಿತು.