ಏರುದಾರಿಯಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣ್ಣಗಿರಲಿ



ಅರೇಬಿಕಾ ಹಣ್ಣು ಕೆಂಪಾಗತೊಡಗಿತೆಂದರೆ ನಮ್ಮ ಆಲ್ದೂರಿನ ಸುತ್ತಿನ ತೋಟಗಳಲ್ಲಿ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳಿಗೆ ಬಿಡುವೆಂಬುದಿಲ್ಲ. ತೋಟದಿಂದ ಪಲ್ಪರ್ ಮನೆಗೆ ಹಣ್ಣು, ಕಣದಿಂದ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಮೂಟೆ, ಬರುವಾಗ ಗೊಬ್ಬರ. ಆದ್ದರಿಂದ ಈ ದಿನ ಗಿಡದ ವಿಚಾರ ಬಿಟ್ಟು, ಹೊರೆ ಎಳೆಯುವ ಗಾಡಿಯ ಹೊಟ್ಟೆಯೊಳಗಿನ ಎಣ್ಣೆಯ ವಿಚಾರ ಹೇಳುತ್ತೇನೆ. ಕೃಷಿ ಇಲಾಖೆಯವನಿಗೆ ಇದೇಕೆ ಅಂತೀರಾ? ಕಾರಣ ಉಂಟು.

ಹೋದ ಸಾರಿ ಒಂದು ತೋಟಕ್ಕೆ ಹೋಗುವಾಗ ಗೊಬ್ಬರದ ಟ್ರೇಲರ್ ಕಟ್ಟಿದ ಜೀಪಿನಲ್ಲಿ ನಾನೂ ಕೂತಿದ್ದೆ. ತಾನಾಗಿಯೇ ಗೇರು ಬದಲಾಗುವ ಗಾಡಿ ಅದು. ಏರು ಅರ್ಧ ಹತ್ತುವಷ್ಟರಲ್ಲಿ ಸುಟ್ಟ ವಾಸನೆ ಬಂತು. "ಏನಾಗಲ್ಲ ಸಾರ್, ಇನ್ನೊಂದೇ ತಿರುವು" ಅಂದ ಡ್ರೈವರು. ನಾನೂ ಸುಮ್ಮನಾದೆ, ಅದು ನನ್ನ ತಪ್ಪು. ಆ ತಿರುವಿನಲ್ಲಿ ಎಂಜಿನ್ ಕೂಗಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಹೊರೆಯ ಭಾರಕ್ಕೆ ಹಿಂದಕ್ಕೆ ಜಾರತೊಡಗಿತು. ಮೂಟೆಗಳ ಮೇಲೆ ಇಬ್ಬರು ಆಳುಗಳು ಕೂತಿದ್ದರು. ಅವರು ಧುಮುಕಿದರು, ಡ್ರೈವರು ಬ್ರೇಕು ಒತ್ತಿದ, ಟ್ರೇಲರು ಅಡ್ಡ ತಿರುಗಿ ದರೆಗೆ ಆತು ನಿಂತಿತು. ಇನ್ನೊಂದು ಬದಿಗೆ ತಿರುಗಿದ್ದರೆ ಕೆಳಗೆ ಹಳ್ಳ. ಅಂದಿನಿಂದ ಗೇರ್‌ಬಾಕ್ಸಿನ ವಿಚಾರವನ್ನು ಬಲ್ಲವರಿಂದ ಕೇಳಿ ತಿಳಿದುಕೊಂಡೆ.

ಇಂಥ ಗಾಡಿಯಲ್ಲಿ ಕ್ಲಚ್ಚಿನ ಪೆಡಲು ಇರುವುದಿಲ್ಲ. ಎಂಜಿನ್ ಒಂದು ಚಕ್ರವನ್ನು ತಿರುಗಿಸಿ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಎದುರಿನ ಚಕ್ರ ತಿರುಗುತ್ತದೆ. ಎರಡರ ವೇಗಕ್ಕೆ ಅಂತರ ಹೆಚ್ಚಾದಷ್ಟೂ ಶಕ್ತಿ ಶಾಖವಾಗಿ ಎಣ್ಣೆಗೆ ಸೇರುತ್ತದೆ. ಭಾರ ಎಳೆದುಕೊಂಡು ನಿಧಾನವಾಗಿ ಏರು ಹತ್ತುವಾಗ ಈ ಅಂತರ ಬಹಳ. ಎಣ್ಣೆಗೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಹಿತವಾದ ಶಾಖ. ಅಲ್ಲಿಂದ ಮುಂದೆ ಪ್ರತಿ 10 ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಎಣ್ಣೆ ಸುಟ್ಟರೆ ಒಳಗಿನ ಪಟ್ಟಿಗಳು ಜಾರುತ್ತವೆ, ಜಾರಿದರೆ ಇನ್ನೂ ಶಾಖ. ಆಮೇಲೆ ನಾವು ಕಂಡಂತೆ ಗೇರು ಹಿಡಿಯುವುದೇ ಇಲ್ಲ.

ಆ ಗೇರ್‌ಬಾಕ್ಸಿನ ತಳದಲ್ಲಿ ಬೋಲ್ಟು ಹಾಕಿ ಕೂರಿಸಿದ ಒಂದು ತಟ್ಟೆ ಇರುತ್ತದೆ. ಗ್ಯಾರೇಜಿನವರು ಪ್ಯಾನ್ ಅನ್ನುತ್ತಾರೆ, ಕೆಲವರು ಎಂಜಿನ್ನಿಗೆ ಹೇಳುವ ಹಾಗೆ ಚೇಂಬರ್ ಅಂತಲೇ ಅನ್ನುವುದುಂಟು. ಎಣ್ಣೆ ನಿಲ್ಲುವುದು ಅಲ್ಲಿ. ಅಮೆರಿಕ ಮೊದಲಾದ ಕಡೆ ಭಾರಿ ಟ್ರೇಲರ್ ಎಳೆಯುವವರು ಈ ತಟ್ಟೆಯನ್ನು ತೆಗೆದು, ಹೆಚ್ಚು ಆಳದ, ಹೊರಗೆ ಏಣುಗಳಿರುವ ಅಲ್ಯುಮಿನಿಯಂ ತಟ್ಟೆ ಹಾಕಿಸುತ್ತಾರೆ. ನಮ್ಮ ಯುವಕ ಬೆಳೆಗಾರರೊಬ್ಬರು, "ನಾವೂ ಹಾಕಿಸೋಣವೇ?" ಎಂದು ಕೇಳಿದರು. ಉತ್ತರ ಹೌದು ಎಂದಾಗಲಿ ಅಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ.

ಒಲೆಯ ಮೇಲೆ ಚೊಂಬು ನೀರಿಟ್ಟರೆ ಬೇಗ ಕಾಯುತ್ತದೆ, ಹಂಡೆ ನೀರು ನಿಧಾನ. ದೊಡ್ಡ ತಟ್ಟೆಯಿಂದ ದೊರೆಯುವ ಮುಖ್ಯ ಲಾಭ ಇಷ್ಟೇ. ಎರಡು ಮೂರು ಲೀಟರು ಎಣ್ಣೆ ಹೆಚ್ಚಿಗೆ ಹಿಡಿದರೆ ಶಾಖ ಏರಲು ಹೊತ್ತು ಹಿಡಿಯುತ್ತದೆ. ಆದರೆ ಬೆಂಕಿ ಆರದಿದ್ದರೆ ಹಂಡೆಯೂ ಕುದಿಯುತ್ತದಲ್ಲ! ಏಣುಗಳು ಶಾಖ ಬಿಡಬೇಕಾದರೆ ಗಾಳಿ ಬೀಸಬೇಕು. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಗಾಳಿ ಸಿಗುತ್ತದೆ, ತೋಟದ ಏರಿನಲ್ಲಿ ಆಳು ನಡೆಯುವ ವೇಗದಲ್ಲಿ ಹೋಗುವ ಗಾಡಿಯ ಅಡಿಯಲ್ಲಿ ಎಲ್ಲಿಯ ಗಾಳಿ? ಇನ್ನೊಂದು ತೊಂದರೆ ನಮ್ಮ ದಾರಿಯದು. ಆಳದ ತಟ್ಟೆ ಕೆಳಕ್ಕೆ ಜೋತಿರುತ್ತದೆ. ಮಳೆಗಾಲ ಕಳೆದ ಮೇಲೆ ತೋಟದ ರಸ್ತೆಯಲ್ಲಿ ಎದ್ದ ಕಲ್ಲು, ಸಿಲ್ವರ್ ಓಕಿನ ಬೇರು ತಗುಲಿ ಎರಕದ ತಟ್ಟೆ ಒಡೆಯಿತೆಂದರೆ, ಎಣ್ಣೆಯೆಲ್ಲ ಚೆಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹಾಕಿಸುವವರು ಅದು ಚಾಸಿಯ ಅಡ್ಡಪಟ್ಟಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳತಕ್ಕದ್ದು.

ನನ್ನ ಅಭಿಪ್ರಾಯದಲ್ಲಿ ಮೊದಲ ಖರ್ಚು ತಟ್ಟೆಗಲ್ಲ, ಎಣ್ಣೆ ತಣಿಸುವ ಕೂಲರಿಗೆ. ಇದು ಎಣ್ಣೆ ಹರಿಯುವ ಚಿಕ್ಕ ರೇಡಿಯೇಟರು. ಫ್ಯಾನಿನ ಗಾಳಿ ತಗಲುವ ಕಡೆ ಕೂರಿಸಿದರೆ ನಿಧಾನದ ಏರಿನಲ್ಲಿಯೂ ಕೆಲಸ ಮಾಡುತ್ತದೆ. ಗಾಡಿಯಲ್ಲಿ ಈಗಾಗಲೇ ಕೂಲರ್ ಇದ್ದರೆ ಅದರ ಸಂದಿಯ ಕೆಸರು, ತರಗೆಲೆ ತೆಗೆಸಿ. ಖರ್ಚೇ ಇಲ್ಲದ ಉಪಾಯವೂ ಒಂದುಂಟು. ಫೋರ್ ವ್ಹೀಲ್ ಗಾಡಿಯಲ್ಲಿ ಲೋ ಗೇರಿನ ಲಿವರ್ ಇದ್ದರೆ, ಮಣ್ಣಿನ ಕಡಿದಾದ ಏರು ಬರುವ ಮೊದಲೇ ಗಾಡಿ ನಿಲ್ಲಿಸಿ ಅದನ್ನು ಹಾಕಿ. ಎಂಜಿನ್ ಸುಲಭವಾಗಿ ತಿರುಗುತ್ತದೆ, ಎಣ್ಣೆ ಕಾಯುವುದು ಕಡಿಮೆಯಾಗುತ್ತದೆ.

ತಟ್ಟೆಯನ್ನೇ ಬದಲಾಯಿಸುವುದಾದರೆ ಅಳತೆ ತಪ್ಪಬಾರದು. ದೊಡ್ಡ ತಟ್ಟೆಗೆ ಹಳೆಯ ಲೆಕ್ಕದಲ್ಲೇ ಎಣ್ಣೆ ಹಾಕಿದರೆ ಮಟ್ಟ ಕೆಳಗಿದ್ದು ಪಂಪು ಗಾಳಿ ಹೀರುತ್ತದೆ. ಮಟ್ಟ ನೋಡುವ ಕ್ರಮ, ಎಣ್ಣೆಯ ಜಾತಿ ಎರಡೂ ಗಾಡಿಯ ಪುಸ್ತಕದಲ್ಲಿರುವಂತೆಯೇ ಆಗಬೇಕು. ಬೋಲ್ಟುಗಳನ್ನು ಬಲಪ್ರಯೋಗದಿಂದ ಬಿಗಿದರೆ ಗ್ಯಾಸ್ಕೆಟ್ ಹಿಸುಕಿ ಸೋರುತ್ತದೆ. ಬಿಚ್ಚಿದಾಗ ತಟ್ಟೆಯೊಳಗಿನ ಅಯಸ್ಕಾಂತವನ್ನು ಕಣ್ಣಾರೆ ನೋಡಿ. ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿದ್ದರೆ ಸಾಮಾನ್ಯ ಸವೆತ, ಚೂರುಗಳು ಅಂಟಿದ್ದರೆ ಗೇರ್‌ಬಾಕ್ಸೇ ಕೆಡುತ್ತಿದೆ, ಹೊಸ ತಟ್ಟೆ ಅದನ್ನು ಉಳಿಸದು. ಮತ್ತೊಂದು ಮಾತು, ಯಾವ ತಟ್ಟೆ ಹಾಕಿದರೂ ಕಂಪೆನಿ ಹೇಳಿದ ಎಳೆಯುವ ಭಾರದ ಮಿತಿ ಒಂದು ಕೇಜಿಯೂ ಏರುವುದಿಲ್ಲ.

ಟ್ರ್ಯಾಕ್ಟರಿನವರು, ಇದು ನಮಗಲ್ಲ ಎಂದು ಎದ್ದು ಹೋಗಬೇಡಿ. ನಮ್ಮ ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬದಲಾಯಿಸುವ ತಟ್ಟೆ ಇಲ್ಲ, ಎಣ್ಣೆ ಎರಕದ ಮನೆಯೊಳಗೇ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಗೇರು, ಹೈಡ್ರಾಲಿಕ್ಕು, ಎಣ್ಣೆಯಲ್ಲಿ ಮುಳುಗಿದ ಬ್ರೇಕು, ಎಲ್ಲಕ್ಕೂ ಅದೇ ಎಣ್ಣೆ. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ಎಣ್ಣೆ ಸುರಿದರೆ ಇಳಿಜಾರಿನಲ್ಲಿ ಬ್ರೇಕು ಕೈಕೊಡಬಹುದು. ಕಡ್ಡಿ ತೆಗೆದು ನೋಡಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ, ಬದಲಾಯಿಸಿ. ಮೈಮೇಲೆ ಒಣಗಿದ ಕೆಸರಿನ ಕವಚ ಕೆರೆದು ತೆಗೆಯಿರಿ, ಅದು ಕಂಬಳಿ ಹೊದಿಸಿದ ಹಾಗೆ ಶಾಖವನ್ನು ತಡೆಯುತ್ತದೆ. ಅರ್ಧ ಕ್ಲಚ್ಚಿನಲ್ಲಿ ಏರು ಹತ್ತಬೇಡಿ. ಇಳಿಯುವಾಗ ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ಬಿಡುವ ಚಾಳಿ ಡೀಸೆಲ್ ಉಳಿಸುವುದಕ್ಕೆ ಅಂತ ಕೆಲವರು ಹೇಳುತ್ತಾರೆ. ನಾನು ಅವರೊಡನೆ ವಾದಿಸುವುದಿಲ್ಲ, ಆ ಗಾಡಿ ಹತ್ತುವುದೂ ಇಲ್ಲ.

ಸುಟ್ಟ ವಾಸನೆ ಬಂದರೆ ಸಮತಟ್ಟು ಸಿಕ್ಕಲ್ಲಿ ನಿಲ್ಲಿಸಿ. ಟ್ರೇಲರಿನ ಚಕ್ರಕ್ಕೆ ಕೊಡಲು ಎರಡು ಮರದ ಅಡ್ಡೆಗಳು ಯಾವಾಗಲೂ ಗಾಡಿಯಲ್ಲಿರಲಿ. ಆಳುಗಳನ್ನು ಮೂಟೆಯ ಮೇಲೆ ಕೂರಿಸಬೇಡಿ, ಬೇಕಾದರೆ ಗಾಡಿ ಇನ್ನೊಂದು ಸಾರಿ ಹೋಗಿ ಬರಲಿ. ಕೊಯ್ಲು ಶುರುವಾಗುವ ಮೊದಲೇ ಎಣ್ಣೆ ನೋಡಿಸಿ, ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲದೆ ಡಬ್ಬದಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿ.