ಚಿತ್ರಪುಸ್ತಕದಲ್ಲಿ ಕಂಡ ಚಿಗರಿ

(ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಗ್ರಂಥಾಲಯ ಮೇಲ್ವಿಚಾರಕರು ಹಾಗೂ ವಿದ್ಯಾರ್ಥಿಗಳ ಮುಂದೆ ವಿಜಯಪುರದಲ್ಲಿ ಆಡಿದ ಮಾತುಗಳ ಬರಹರೂಪ)



ಮಲೆನಾಡಿನ ಮಳೆಯಿಂದ ಈ ಎರೆನೆಲಕ್ಕೆ ಬಂದವಳು ನಾನು. ಬೆಳೆಯ ವಿಷಯ ಹೇಳಬೇಕಾದ ಕೃಷಿವಿಜ್ಞಾನಿ ಮಕ್ಕಳ ಚಿತ್ರಪುಸ್ತಕದ ಮಾತನ್ನೇಕೆ ಎತ್ತಿಕೊಂಡಳೆಂದು ತಮಗೆ ಅನಿಸಬಹುದು.

ನಿನ್ನೆ ತಿಕೋಟಾ ಭಾಗದ ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ ಮಕ್ಕಳೊಡನೆ ಕುಳಿತಿದ್ದೆ. ಪ್ರಾಣಿಗಳ ಚಿತ್ರಪುಸ್ತಕವೊಂದನ್ನು ಹರಡಿದೆ. ಜಿರಾಫೆ, ಜೀಬ್ರಾ, ಕಾಂಗರೂ, ಪೆಂಗ್ವಿನ್ ಎಲ್ಲವನ್ನೂ ತಪ್ಪಿಲ್ಲದೆ ಹೆಸರಿಸಿದರು. ಅನಂತರ ಸುರುಳಿಕೊಂಬಿನ ಪ್ರಾಣಿಯೊಂದು ಬಂದಿತು. ಕೆಳಗೆ ‘ಕೃಷ್ಣಮೃಗ’ ಎಂದು ಅಚ್ಚಾಗಿತ್ತು. ಹುಡುಗಿಯೊಬ್ಬಳು ಅಕ್ಷರ ಕೂಡಿಸಿ ಓದಿ, “ಇದು ಯಾವ ದೇಶದ್ದ್ರೀ ಮೇಡಂ?” ಎಂದಳು. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರು ತಲೆಯೆತ್ತಿ, “ಯವ್ವಾ, ಅದು ಚಿಗರಿ. ನಮ್ಮ ಹೊಲಕ್ಕ ಹಿಂಡಗಟ್ಟಲೆ ಬರ್ತಿದ್ದವು” ಎಂದರು.

ಪುಸ್ತಕದಲ್ಲಿ ತಪ್ಪಿರಲಿಲ್ಲ. ಆದರೆ ಅಲ್ಲಿ ಅಚ್ಚಾದ ಹೆಸರಿಗೂ ಅಜ್ಜನ ನಾಲಗೆಯ ಹೆಸರಿಗೂ ನಡುವೆ ಸೇತುವೆಯಿರಲಿಲ್ಲ. ಚಿಗರಿಗೆ ಬೇಕಾದುದು ದಟ್ಟಡವಿಯಲ್ಲ, ಬಯಲು. ಏತ ನೀರಾವರಿ ಬಂದು ದ್ರಾಕ್ಷಿತೋಟಗಳಾದುದು ಒಳ್ಳೆಯದೇ. ರೈತನ ಕಷ್ಟ ಬಲ್ಲ ನಾನು ಅದನ್ನು ಆಕ್ಷೇಪಿಸಲಾರೆ. ಆದರೆ ಬಯಲು ಕಿರಿದಾದಂತೆ ಪ್ರಾಣಿಯೂ ದೂರ ಸರಿಯುತ್ತದೆ, ಬಳಿಕ ಅದರ ಹೆಸರೂ ಮರೆಯುತ್ತದೆ. ನಮ್ಮ ಕಡೆಯದೂ ಇದೇ ಕಥೆಯೆನ್ನಿ. ಸಿಂಗಳೀಕ ಕೂಗುವ ಕಾಡಿನಂಚಿನ ಶಾಲೆಯ ಗೋಡೆಯ ಮೇಲೆ ಚಿಂಪಾಂಜಿಯ ಚಿತ್ರವಿರುತ್ತದೆ!

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕಥೆಪುಸ್ತಕಗಳಲ್ಲಿ ನರಿ ಮೋಸಗಾರ, ತೋಳ ದುಷ್ಟ, ಗೂಬೆ ಅಪಶಕುನ. ಕಥೆಗೆ ಅದು ಸಲ್ಲುತ್ತದೆ. ಕಥೆಯನ್ನು ಕೈಬಿಡಿರೆಂದು ನಾನು ಹೇಳುವುದಿಲ್ಲ. ಆದರೆ ಆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವೂ ಇರಬೇಕು.

ಕಣಜ ಗೂಬೆಯನ್ನೇ ನೋಡಿ. ಹೃದಯದಾಕಾರದ ಬಿಳಿ ಮುಖ, ಹಾರುವಾಗ ರೆಕ್ಕೆಯ ಸದ್ದೇ ಇಲ್ಲ. ಪಾಳುಗೋಡೆಯ ಬಿರುಕುಗಳಲ್ಲಿ, ಹಳೆಯ ಮಾಳಿಗೆಗಳಲ್ಲಿ ಅದರ ವಾಸ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು-ಮೂಳೆಗಳನ್ನು ಉಂಡೆಯಾಗಿ ಉಗುಳುತ್ತದೆ. ಅಂತಹ ಒಣ ಉಂಡೆಯೊಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದಾಗ ಇಲಿಗಳ ಪುಟ್ಟ ತಲೆಬುರುಡೆ, ದವಡೆ, ಹಳದಿ ಬಾಚಿಹಲ್ಲು ನನಗೆ ಸಿಕ್ಕಿವೆ. ಜೋಳದ ಹೊಲದಲ್ಲಿ ಇಲಿ ಮಾಡುವ ಹಾನಿ ನಿಮಗೆ ಹೇಳಬೇಕಾಗಿಲ್ಲ. ಕೂಲಿಯಿಲ್ಲದೆ ರಾತ್ರಿಯೆಲ್ಲ ಕಾವಲು ಕಾಯುವ ಈ ಹಕ್ಕಿಗೆ ನಾವು ಕಲ್ಲೆಸೆಯುತ್ತೇವೆ, ಇಲಿಗೆ ವಿಷವಿಡುತ್ತೇವೆ. ವಿಷ ತಿಂದ ಇಲಿಯನ್ನು ನುಂಗಿ ಗೂಬೆಯೂ ಸಾಯುವುದುಂಟು. ಕಲ್ಲೆತ್ತುವ ಕೈ ಸಾಮಾನ್ಯವಾಗಿ ಎಂಟು-ಹತ್ತು ವರ್ಷದ ಕೈ. ನಾನು ಚಿತ್ರಪುಸ್ತಕದ ಮಾತನ್ನು ಎತ್ತಿದುದು ಇದಕ್ಕಾಗಿಯೇ.

ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪನವರಂತಹ ಮಕ್ಕಳ ಕವಿಗಳನ್ನು ಕೊಟ್ಟ ಜಿಲ್ಲೆಯಿದು. ಮಕ್ಕಳಿಗಾಗಿ ಬರೆಯುವುದನ್ನು ಹೊರಗಿನವರು ನಿಮಗೆ ಕಲಿಸಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಮಕ್ಕಳ ಕಡೆಗೆ ಹೆಚ್ಚಿನ ಗಮನ ಹರಿದಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. ಅವನ್ನು ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಆದರೆ ಹೊಸ ಪುಸ್ತಕ ಹರಿದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕುವವರನ್ನೂ ಕಂಡಿದ್ದೇನೆ. ಹರಿಯಲಿ ಬಿಡಿ, ಅಂಟಿಸಿದರಾಯಿತು.

ಈಗ ನನ್ನ ಕೋರಿಕೆ. ನಿಮ್ಮ ಊರಿನದೇ ಒಂದು ಪ್ರಾಣಿಪುಸ್ತಕವನ್ನು ಮಕ್ಕಳಿಂದ ಮಾಡಿಸಿರಿ. ಉಡ, ಮುಂಗುಸಿ, ಕೇರೆಹಾವು, ನರಿ, ತೋಳ, ಗೂಬೆ, ಚಿಗರಿ ಎಲ್ಲವೂ ಅದರಲ್ಲಿ ಬರಲಿ. ಚಿತ್ರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಪ್ರತಿ ಪುಟದಲ್ಲಿ ಮೂರು ಸಂಗತಿಗಳಿರಲಿ: ಅಜ್ಜ-ಅಜ್ಜಿ ಹೇಳುವ ಹೆಸರು, ಅದು ತಿನ್ನುವುದೇನು, ಕೊನೆಯ ಬಾರಿಗೆ ಯಾರು ಎಲ್ಲಿ ಕಂಡರು. ಕುರಿ ಕಾಯುವವರನ್ನು ತಪ್ಪದೆ ಕೇಳಿರಿ. ತೋಳನಿಂದ ಅವರಿಗಾದ ನಷ್ಟವನ್ನೂ ಮುಚ್ಚಿಡದೆ ಬರೆಯಿಸಿರಿ.

ಆ ಹುಡುಗಿ ನಿನ್ನೆ ಸಂಜೆಯೇ ಚಿಗರಿಯ ಚಿತ್ರ ಬರೆದುಕೊಟ್ಟಿದ್ದಾಳೆ. ಕೊಂಬು ಮೈಗಿಂತ ಉದ್ದವಾಗಿದೆ. ಕೊನೆಯ ಬಾರಿ ಕಂಡ ವರ್ಷವನ್ನು ಅಜ್ಜನಿಂದ ಕೇಳಿ ಬರೆಯಲು ಸ್ಥಳ ಬಿಟ್ಟಿದ್ದಾಳೆ.