ಮಾರ್ಚ್ 31ರ ಆಚೆಯ ಲೆಕ್ಕ



ಫೆಬ್ರವರಿ ಬಂತೆಂದರೆ ಮುಂಬಯಿಯ ಕಂಪನಿ ಕಚೇರಿಗಳಲ್ಲಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಪುರುಸೊತ್ತಿಲ್ಲ. ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕು, ಬಿಲ್ಲುಗಳು ಕೈಸೇರಬೇಕು, ಫೋಟೊ ಬರಬೇಕು. ಏಪ್ರಿಲ್ ಒಂದರ ಬೆಳಿಗ್ಗೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಗುರಿ ಮುಟ್ಟಿತು ಎನ್ನುತ್ತಾರೆ. ಆ ಗುರಿ ಯಾರದು? ಗೋವಂಡಿಯ ಮಗು, ಧಾರಾವಿಯ ತಾಯಿ, ಕುರ್ಲಾದ ರಾತ್ರಿಶಾಲೆಯ ಹುಡುಗ, ಇವರಿಗೆ ಆ ದಿನ ಏನು ಬದಲಾಯಿತು? ಎರಡು ದಿನದ ಈ ಗೋಷ್ಠಿ ಕೂಡಿರುವುದು ಈ ಪ್ರಶ್ನೆಗೆ.

ತಂಡಗಳು ಖರ್ಚನ್ನೇ ಗುರಿ ಎಂದುಕೊಂಡದ್ದು ಅವರ ತಪ್ಪಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದು ಕೇಳಿದ್ದೇ ಖರ್ಚನ್ನು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ತೆಗೆದಿಡಬೇಕು. 2022-23ರ ಹೊತ್ತಿಗೆ ದೇಶದ ಒಟ್ಟು ಸಿಎಸ್‌ಆರ್ ವೆಚ್ಚ 30 ಸಾವಿರ ಕೋಟಿ ರೂಪಾಯಿಗೆ ಹತ್ತಿರ ಬಂದಿತ್ತು. ಅದರಲ್ಲಿ ಅತಿ ದೊಡ್ಡ ಪಾಲು ಪಡೆಯುವ ರಾಜ್ಯ ಮಹಾರಾಷ್ಟ್ರ. ಇಷ್ಟು ಹಣ ಹರಿಯುವ ಕಡೆ ಮೊದಲು ಅಳತೆಗೆ ಸಿಗುವುದು ಹರಿದ ಹಣವೇ.

ಆದರೆ 2021ರ ಜನವರಿ 22ರ ನಿಯಮಗಳು ಇನ್ನೊಂದು ಮಾತು ಸೇರಿಸಿವೆ. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಹೊಣೆ ಇದ್ದ ಕಂಪನಿ, ಒಂದು ಕೋಟಿಗೆ ಕಡಿಮೆಯಿಲ್ಲದ ಯೋಜನೆಗಳ ಪರಿಣಾಮವನ್ನು ಹೊರಗಿನ ಸ್ವತಂತ್ರ ಸಂಸ್ಥೆಯಿಂದ ಪರೀಕ್ಷೆ ಮಾಡಿಸಬೇಕು. ಅದೂ ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಕಳೆದ ಮೇಲೆ. ಈ ‘ಒಂದು ವರ್ಷ’ವನ್ನು ಹೆಚ್ಚಿನವರು ಕಾಗದದ ಕಾಟವೆಂದು ನೋಡುತ್ತಾರೆ. ಇಡೀ ನಿಯಮದಲ್ಲಿ ತುಂಬ ವಿವೇಕದ ಅಂಶ ಅದೇ. ಅದರ ಬೆಲೆ ತಿಳಿಯಬೇಕಾದರೆ ಕಾಯ್ದೆ ಬರುವುದಕ್ಕೂ ಹತ್ತು ವರ್ಷ ಹಿಂದೆ ಇದೇ ಮುಂಬಯಿಯ ಮುನಿಸಿಪಲ್ ಶಾಲೆಗಳಲ್ಲಿ ನಡೆದದ್ದನ್ನು ನೋಡಬೇಕು.

ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಕಟ್ಟಿದ ‘ಪ್ರಥಮ್’ ಸಂಸ್ಥೆ ತೊಂಬತ್ತರ ದಶಕದ ನಡುವೆ ಇಲ್ಲಿನ ಕೊಳೆಗೇರಿಗಳಲ್ಲಿ ಬಾಲವಾಡಿ ನಡೆಸುತ್ತ ಬೆಳೆಯಿತು. ಶಾಲೆಗೆ ಸೇರಿದ ಮಕ್ಕಳ ಸಂಖ್ಯೆ ಏರುತ್ತಿತ್ತು. ಆದರೆ ಮೂರನೆಯ, ನಾಲ್ಕನೆಯ ತರಗತಿಯಲ್ಲಿ ಕೂತ ಎಷ್ಟೋ ಮಕ್ಕಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಹಾಗೆ ಬಂದದ್ದು ‘ಬಾಲಸಖಿ’. ಅದೇ ವಠಾರದ, ಶಾಲೆ ಓದಿದ ಯುವತಿಯೊಬ್ಬಳು ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಬುನಾದಿಯಿಂದ ಕಲಿಸುವುದು. ಇಲ್ಲಿಗೇ ನಿಲ್ಲಿಸಿದ್ದರೆ ‘ಇಷ್ಟು ಬಾಲಸಖಿಯರು, ಇಷ್ಟು ಸಾವಿರ ಮಕ್ಕಳು’ ಎಂಬ ಸುಂದರ ವರದಿ ಆಗುತ್ತಿತ್ತು. ಸಂಸ್ಥೆ ಹಾಗೆ ಮಾಡಲಿಲ್ಲ. ಈ ಕೆಲಸದಿಂದ ನಿಜವಾಗಿ ಕಲಿಕೆ ಆಗುತ್ತಿದೆಯೇ ಎಂದು ನೋಡಲು ಅರ್ಥಶಾಸ್ತ್ರಜ್ಞರಿಗೆ ಬಾಗಿಲು ತೆರೆಯಿತು.

ಬಂದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು. ಮುಂಬಯಿ ಮತ್ತು ವಡೋದರಾಗಳ 15 ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ಎರಡು ವರ್ಷ ಅಧ್ಯಯನ ನಡೆಯಿತು. ಯಾವ ತರಗತಿಗೆ ಬಾಲಸಖಿ ಹೋಗಬೇಕೆಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಿದರು. ವರ್ಷದ ಆರಂಭದಲ್ಲೂ ಕೊನೆಯಲ್ಲೂ ಮಕ್ಕಳಿಗೆ ಪರೀಕ್ಷೆ ಕೊಟ್ಟರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡನೆಯ ವರ್ಷದ ಹೊತ್ತಿಗೆ ಬಾಲಸಖಿ ಇದ್ದ ಶಾಲೆಗಳ ಸರಾಸರಿ ಅಂಕ 0.28 ಪ್ರಮಾಣಿತ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಮೇಲೇರಿತ್ತು. ಹೆಚ್ಚು ಏರಿದವರು ತೀರ ಕೆಳಗಿದ್ದ ಮಕ್ಕಳೇ. ಇದನ್ನು ಓದಿ ಸಂತೋಷಪಡಬೇಕು. ಮುಂದಿನ ಸಾಲನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು: ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಅಳೆದಾಗ ಆ ಲಾಭ 0.10ರ ಆಸುಪಾಸಿಗೆ ಇಳಿದಿತ್ತು. ಪೂರ್ತಿ ಅಳಿಯಲಿಲ್ಲ, ನಿಜ. ಆದರೆ ಬಹುಪಾಲು ಸವೆದುಹೋಗಿತ್ತು.

ಮಾರ್ಚ್ 31ರಂದೇ ಲೆಕ್ಕ ಮುಚ್ಚಿದ್ದರೆ ಈ ಸವೆತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಂಡವೊಂದು ಗುರಿ ಬರೆಯುವಾಗ ‘ವರ್ಷಾಂತ್ಯಕ್ಕೆ ಇಷ್ಟು’ ಎಂಬುದರ ಪಕ್ಕದಲ್ಲಿ ‘ನಾವು ಕೈಬಿಟ್ಟು ಹನ್ನೆರಡು ತಿಂಗಳಾದ ಮೇಲೆ ಇಷ್ಟು’ ಎಂದೂ ಬರೆದುಕೊಳ್ಳಬೇಕಾದದ್ದು ಇದಕ್ಕಾಗಿ. ಆ ಎರಡನೆಯ ಅಂಕಿ ಬರೆದ ಕೂಡಲೇ ಯೋಜನೆಯ ಸ್ವರೂಪವೇ ಬದಲಾಗುತ್ತದೆ. ಶಾಲೆಯ ಶಿಕ್ಷಕರನ್ನು ಹೇಗೆ ಸೇರಿಸಿಕೊಳ್ಳುವುದು, ತಾಯಂದಿರಿಗೆ ಏನು ಗೊತ್ತಿರಬೇಕು, ಬಾಲಸಖಿಯ ಸಂಬಳ ಮುಂದೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗಳು ಮೊದಲ ಸಭೆಯಲ್ಲೇ ಬಂದು ಕೂರುತ್ತವೆ.

ಪ್ರಥಮ್ ಇದೇ ಛಲವನ್ನು 2005ರಲ್ಲಿ ‘ಅಸರ್’ ಸಮೀಕ್ಷೆಯಾಗಿ ದೇಶದ ಹಳ್ಳಿಗಳಿಗೆ ಒಯ್ದಿತು. ಅಸರ್ ಎಂದರೆ ಪರಿಣಾಮ. ಅದರ ಸಾಧನ ಒಂದು ಹಾಳೆ: ಅಕ್ಷರ, ಪದ, ಒಂದನೇ ತರಗತಿಯ ಸಣ್ಣ ಪ್ಯಾರಾ, ಎರಡನೇ ತರಗತಿಯ ಕಥೆ. ಮನೆಗೆ ಹೋಗಿ ಮಗುವಿನ ಪಕ್ಕ ಕೂತು ಓದಿಸಿ ನೋಡುವುದು. ಐದನೇ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 50.5 ಇದ್ದರು, ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ ತೆರೆದ ಮೇಲೆ, 2022ರಲ್ಲಿ ಅದು ಶೇ. 42.8ಕ್ಕೆ ಕುಸಿಯಿತು. ಈ ಅಳತೆ ಓದು ಬಾರದ ತಾಯಿಗೂ ಅರ್ಥವಾಗುತ್ತದೆ. ತನ್ನ ಮಗಳು ತಡವರಿಸಿದ್ದನ್ನು ಅವಳೇ ಕೇಳಿಸಿಕೊಂಡಿರುತ್ತಾಳೆ. ಒಳ್ಳೆಯ ಗುರಿಗೆ ಈ ಗುಣ ಇರಬೇಕು: ಯಾರ ಬದುಕಿನ ಬಗ್ಗೆ ಅಂಕಿ ಹೇಳುತ್ತಿದೆಯೋ ಅವರೇ ಅದನ್ನು ಸರಿ, ತಪ್ಪು ಎನ್ನಲು ಸಾಧ್ಯವಾಗಬೇಕು.

ಧಾರಾವಿಯಲ್ಲಿ ಇನ್ನೊಂದು ಪಾಠವಿದೆ. ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಆರಂಭಿಸಿದ ಡಾ. ಅರ್ಮಿಡಾ ಫರ್ನಾಂಡಿಸ್, 1999ರಲ್ಲಿ ‘ಸ್ನೇಹಾ’ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಧಾರಾವಿಯ ಪುಟ್ಟ ಮಕ್ಕಳ ಅಪೌಷ್ಟಿಕತೆಯ ಮೇಲೆ ಕೆಲಸ ಮಾಡಿದಾಗ ಎಣಿಸಿದ್ದು ಹಂಚಿದ ಆಹಾರದ ಪೊಟ್ಟಣಗಳನ್ನಷ್ಟೇ ಅಲ್ಲ, ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣವನ್ನು. ಅದು ಶೇ. 18ರಿಂದ 13ಕ್ಕೆ ಇಳಿಯಿತು. ಕಾರ್ಯಕ್ರಮ ಇಲ್ಲದ, ಹೋಲಿಕೆಗೆಂದು ಆರಿಸಿದ ಬಸ್ತಿಗಳಲ್ಲಿ ಇಳಿಕೆ ಅತ್ಯಲ್ಪ. ಆ ಎರಡನೆಯ ಬಸ್ತಿಗಳನ್ನು ಅಳೆದಿರದಿದ್ದರೆ ಐದು ಅಂಶಗಳ ಇಳಿಕೆ ಕಾಲದ ಕೊಡುಗೆಯೋ ಕಾರ್ಯಕರ್ತೆಯರ ಬೆವರಿನ ಫಲವೋ ಹೇಳಲಾಗುತ್ತಿರಲಿಲ್ಲ.

ಮುಂಬಯಿ ಕನ್ನಡಿಗರಿಗೆ ಅಳತೆಯ ಈ ಮಾತು ಇನ್ನೂ ಹತ್ತಿರದ್ದು. ತುಳುನಾಡಿನಿಂದ ಬಂದ ಹುಡುಗರು ಹಗಲು ಉಡುಪಿ ಹೋಟೆಲಿನಲ್ಲಿ ಟೇಬಲು ಒರೆಸಿ, ರಾತ್ರಿ ಪುಸ್ತಕ ಹಿಡಿದು ಬೆಂಚಿನಲ್ಲಿ ಕೂತದ್ದು ಈ ಊರಿನ ದೊಡ್ಡ ಕಥೆ. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯಂಥವು ಕಾಯ್ದೆ, ಶೇ. 2, ವಾರ್ಷಿಕ ವರದಿ ಯಾವುದೂ ಇಲ್ಲದ ಕಾಲದಲ್ಲಿ, ಸಮುದಾಯದ ಕಿಸೆಯಿಂದ ನಡೆದವು. ಇಂದು ಹಲವು ರಾತ್ರಿಶಾಲೆಗಳಿಗೆ ಕಂಪನಿಗಳ ನೆರವು ಬರುತ್ತಿದೆ; ನಿಕಿತಾ ಕೇತ್ಕರ್ 2008ರಲ್ಲಿ ಆರಂಭಿಸಿದ ‘ಮಾಸೂಮ್’ ಸಂಸ್ಥೆ ಅಲ್ಲಿನ ಮಕ್ಕಳಿಗೆ ಪುಸ್ತಕ, ಸಂಜೆಯ ತಿಂಡಿ, ಸಂಚಾರಿ ವಿಜ್ಞಾನ ಪ್ರಯೋಗಾಲಯ ಒದಗಿಸುತ್ತ ಬಂದಿದೆ.

ರಾತ್ರಿಶಾಲೆಗೆ ಗುರಿ ಯಾವುದು? ಹತ್ತನೇ ತರಗತಿಯ ಎಸ್ಸೆಸ್ಸಿ ಫಲಿತಾಂಶ ಎಂದು ಯಾರಾದರೂ ಹೇಳುತ್ತಾರೆ. ಒಂದು ಲೆಕ್ಕ ಊಹಿಸಿಕೊಳ್ಳಿ. ಎಂಟನೇ ತರಗತಿಗೆ 40 ಮಂದಿ ಸೇರಿದರು. ಪಾಳಿ ಬದಲಾಗಿ ಕೆಲವರು ಬಿಟ್ಟರು, ಕೆಲವರು ಊರಿಗೆ ಹೋದರು, ಕೆಲವರನ್ನು ‘ಈ ವರ್ಷ ಬೇಡ’ ಎಂದು ಕೂರಿಸಿದರು. ಪರೀಕ್ಷೆ ಬರೆದವರು 12, ಪಾಸಾದವರು 11. ವರದಿಯಲ್ಲಿ ಫಲಿತಾಂಶ ಶೇ. 91 ದಾಟಿತು. ಸೇರಿದ 40ಕ್ಕೆ ಹೋಲಿಸಿದರೆ ಶೇ. 27.5. ಎರಡೂ ಸತ್ಯವೇ. ಆದರೆ ಮೊದಲನೆಯದನ್ನು ಗುರಿಯಾಗಿ ಕೊಟ್ಟ ಕಂಪನಿ, ತನಗೆ ಗೊತ್ತಿಲ್ಲದೆಯೇ, ದುರ್ಬಲ ಹುಡುಗನನ್ನು ಪರೀಕ್ಷೆಯಿಂದ ದೂರ ಇಡುವುದಕ್ಕೆ ಬಹುಮಾನ ಕೊಟ್ಟಂತಾಯಿತು. ಎರಡನೆಯದನ್ನು ಕೊಟ್ಟ ಕಂಪನಿ, ಬಿಟ್ಟುಹೋದ 28 ಮಂದಿಯನ್ನು ಹುಡುಕಿಕೊಂಡು ಹೋಟೆಲಿನ ಹಿಂಬಾಗಿಲಿಗೆ ಬರಬೇಕಾಗುತ್ತದೆ. ಮಾಲೀಕರೊಡನೆ ಪಾಳಿಯ ಸಮಯ ಮಾತಾಡಬೇಕಾಗುತ್ತದೆ. ಕೆಲಸ ಇರುವುದು ಅಲ್ಲಿ. ಭಾಜಕವನ್ನು ಯಾರು ಆರಿಸುತ್ತಾರೆ ಎಂಬುದು ಲೆಕ್ಕಪತ್ರದ ಸಣ್ಣ ವಿಚಾರವಲ್ಲ, ಯಾರನ್ನು ಕೈಬಿಡುತ್ತೇವೆ ಎಂಬ ತೀರ್ಮಾನ.

ಇಷ್ಟೆಲ್ಲ ಆಗಬೇಕಾದರೆ ಮೊದಲ ದಿನದ ಅಂಕಿ ಬೇಕು. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿ ನಗರದ 24 ವಾರ್ಡುಗಳಲ್ಲಿ ಎಂ-ಪೂರ್ವವನ್ನು, ಅಂದರೆ ಗೋವಂಡಿ, ಮಾನಖುರ್ದ್, ದೇವನಾರ್ ಕಡೆಯನ್ನು, ಕಟ್ಟಕಡೆಯಲ್ಲಿ ಇಟ್ಟಿತು. 1936ರಲ್ಲಿ ಹುಟ್ಟಿದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆವರಣ ಇರುವುದೂ ದೇವನಾರ್‌ನಲ್ಲೇ. ಸಂಸ್ಥೆ ತನ್ನ 75ನೇ ವರ್ಷದ ನೆನಪಿಗೆ 2011ರಲ್ಲಿ ಇದೇ ವಾರ್ಡಿನ ಕೆಲಸ ಕೈಗೆತ್ತಿಕೊಂಡಾಗ ವಿದ್ಯಾರ್ಥಿಗಳು ಬಸ್ತಿ ಬಸ್ತಿ ತಿರುಗಿ ಸಮೀಕ್ಷೆ ಮಾಡಿದರು. ನೀರು, ಶೌಚಾಲಯ, ಶಾಲೆ, ಆಸ್ಪತ್ರೆ ಎಷ್ಟು ದೂರ ಎಂಬುದು ಮೊದಲು ಕಾಗದಕ್ಕೆ ಬಂತು. ಹಣ ಬಿಡುಗಡೆಯಾದ ಮೇಲೆ ‘ಮೊದಲು ಹೇಗಿತ್ತು’ ಎಂದು ನೆನಪಿನಿಂದ ಬರೆಯುವ ರೂಢಿಗೆ ಇದು ನೇರ ಉತ್ತರ. ಸಮೀಕ್ಷೆಗೆ ಬೇಕಾದ ಮೂರು ತಿಂಗಳನ್ನು ಆಡಳಿತ ಮಂಡಳಿಯಿಂದ ಕೇಳಿ ಪಡೆಯುವ ಧೈರ್ಯ ತಂಡದ ಮುಖ್ಯಸ್ಥರಿಗೆ ಇರಬೇಕು. ಕೊಡುವ ತಾಳ್ಮೆ ಮಂಡಳಿಗೂ ಇರಬೇಕು.

ಎಲ್ಲವೂ ಅಂಕಿಗೆ ಸಿಗುವುದಿಲ್ಲ ಎಂಬ ಆಕ್ಷೇಪ ಇಂದು ಮಧ್ಯಾಹ್ನ ಖಂಡಿತ ಬರುತ್ತದೆ, ಬರಲೇಬೇಕು. ಹಿಂಸೆಯ ಮನೆಯಿಂದ ಹೊರಬಂದ ಹೆಣ್ಣುಮಗಳ ಧೈರ್ಯವನ್ನು ಶೇಕಡಾವಾರಿನಲ್ಲಿ ಹೇಳಲಾಗದು. ಆದರೆ ಅವಳು ಸಹಾಯ ಕೇಳಿದಾಗ ಎಷ್ಟು ಗಂಟೆಯಲ್ಲಿ ಯಾರು ಬಂದರು, ಆರು ತಿಂಗಳ ನಂತರ ಅವಳು ಎಲ್ಲಿದ್ದಾಳೆ ಎಂಬುದನ್ನು ಬರೆದಿಡಬಹುದು.

ಮೊದಲ ಅಧಿವೇಶನದಲ್ಲಿ ಪ್ರತಿ ತಂಡಕ್ಕೂ ಒಂದು ಖಾಲಿ ಹಾಳೆ ಸಿಗುತ್ತದೆ. ಈಗ ನಡೆಯುತ್ತಿರುವ ಒಂದೇ ಒಂದು ಯೋಜನೆಯ ಹೆಸರು ಬರೆದು, ಆರಂಭದ ಅಂಕಿ, ಅದನ್ನು ಅಳೆದ ದಿನಾಂಕ, ಯಾರನ್ನೆಲ್ಲ ಸೇರಿಸಿ ಎಣಿಸಿದೆವು, ಕೆಲಸ ಮುಗಿದ ಒಂದು ವರ್ಷಕ್ಕೆ ಯಾರು ಮತ್ತೆ ಹೋಗಿ ನೋಡುತ್ತಾರೆ ಎಂಬುದನ್ನು ತುಂಬಬೇಕು. ಖಾಲಿ ಉಳಿದ ಜಾಗ ಇದ್ದರೆ ಹಾಗೆಯೇ ಬಿಟ್ಟು ತನ್ನಿ. ನಾಳೆಯ ಚರ್ಚೆ ಶುರುವಾಗುವುದು ಆ ಜಾಗಗಳಿಂದ.